ಪ್ರಾಸ್ಟೇಟ್ ಎಂದುಕೊಂಡ ತೊಂದರೆಗೆ ಕಾಲಿನ ನಾಡಿಯಲ್ಲಿ ಸಿಕ್ಕ ಸುಳಿವು: ಒಂದು ಪ್ರಕರಣ ಅಧ್ಯಯನ

64 ವರ್ಷದ ಗಂಡಸು. ಮೂರು ವರ್ಷದಿಂದ ಮೂತ್ರದ ತೊಂದರೆ. ರಾತ್ರಿ ನಾಲ್ಕು ಸಲ ಏಳಲೇಬೇಕು. ಹಗಲಿನಲ್ಲಿ ಒಮ್ಮೆ ಅವಸರವಾಯಿತೆಂದರೆ ತಡೆದುಕೊಳ್ಳಲು ಆಗುವುದಿಲ್ಲ. ಶೌಚಾಲಯದ ಚಿಲಕ ತೆಗೆಯುವಷ್ಟರಲ್ಲಿ ಒಂದೆರಡು ಹನಿ ಬಟ್ಟೆಗೆ ಬಿದ್ದಿರುತ್ತದೆ. ಅಷ್ಟು ಅವಸರದಲ್ಲಿ ಹೋಗಿ ನಿಂತರೂ ಧಾರೆ ತಕ್ಷಣ ಶುರುವಾಗುವುದಿಲ್ಲ. ಶುರುವಾದರೂ ಸಣ್ಣಗೆ, ನಿಂತು ನಿಂತು ಬರುತ್ತದೆ. ಮುಗಿಸಿ ಬಂದ ಮೇಲೂ ಒಳಗೆ ಇನ್ನಷ್ಟು ಉಳಿದಿದೆ ಅನ್ನಿಸುತ್ತದೆ.

ಇವರು ಇಂಥವರೇ ಎಂದು ಬೆರಳಿಟ್ಟು ತೋರಿಸಬಹುದಾದ ಒಬ್ಬ ವ್ಯಕ್ತಿಯಲ್ಲ. ಈ ಬಗೆಯ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬರ ಸುತ್ತ ಜೋಡಿಸಿ ಬರೆದಿದ್ದೇನೆ. ಅವರ ವರದಿಗಳ ಅಂಕಿಗಳೂ ಹಾಗೆಯೇ ಒಂದು ಮಾದರಿ. ಅವುಗಳ ಹಿಂದಿನ ವೈದ್ಯಕೀಯ ಸಂಗತಿಗಳಿಗೆ ಮಾತ್ರ ಏನನ್ನೂ ಸೇರಿಸಿಲ್ಲ.

ಮೊದಲು ನೋಡಿದ ವೈದ್ಯರು ಇದನ್ನು ಪ್ರಾಸ್ಟೇಟ್ ತೊಂದರೆ ಎಂದುಕೊಂಡದ್ದು ಸಹಜ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ವಯಸ್ಸಾದಂತೆ ಬೆಳೆಯುತ್ತದೆ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಇರುತ್ತದೆ. ಮೂತ್ರದ ದಾರಿಯ ಸ್ನಾಯುವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಶುರು ಮಾಡಿದರು. ಧಾರೆ ಸ್ವಲ್ಪ ಸಲೀಸಾಯಿತು, ರಾತ್ರಿ ಏಳುವುದು ತಪ್ಪಲಿಲ್ಲ. ಆಮೇಲೆ ಗ್ರಂಥಿಯನ್ನು ಕುಗ್ಗಿಸುವ ಡುಟಾಸ್ಟರೈಡ್ ಸೇರಿತು. ಅದು ಫಲ ಕೊಡಲು ಆರು ತಿಂಗಳಾದರೂ ಬೇಕು. ಒಂದು ವರ್ಷಕ್ಕೂ ಹೆಚ್ಚು ಕಾಲ ತಪ್ಪದೆ ನುಂಗಿದರೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಇನ್ನು ಆಪರೇಷನ್ನೇ ದಾರಿ ಎಂದಾಗ ಅವರು ಎರಡನೆಯ ಅಭಿಪ್ರಾಯ ಕೇಳಲು ಹೋದರು.

ಕೈಯಲ್ಲಿದ್ದ ಕಡತದಲ್ಲೇ ಒಂದು ಸುಳಿವು ಇತ್ತು. ಮಾತ್ರೆಗೆ ಮುಂಚೆ ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗಾತ್ರ 34 ಮಿ.ಲೀ. ಇತ್ತು, ಈಗ 28. ಯುವಕರಲ್ಲಿ ಇದು 20–25 ಮಿ.ಲೀ. ಇರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ರಕ್ತಪರೀಕ್ಷೆ ಪಿಎಸ್‌ಎ 1.1, ಡುಟಾಸ್ಟರೈಡ್ ಈ ಅಂಕಿಯನ್ನು ಅರ್ಧಕ್ಕೆ ಇಳಿಸುವುದರಿಂದ ಎರಡರಷ್ಟು ಮಾಡಿ ನೋಡಬೇಕು, ಆಗಲೂ ಆತಂಕಪಡುವಂಥದ್ದಲ್ಲ. ಔಷಧ ತನ್ನ ಕೆಲಸ ಮಾಡಿ ಗ್ರಂಥಿಯನ್ನು ಕುಗ್ಗಿಸಿತ್ತು. ತೊಂದರೆ ಮಾತ್ರ ಹಾಗೆಯೇ ಉಳಿದಿತ್ತು. ಪ್ರಾಸ್ಟೇಟ್ ತೊಂದರೆಯ ತೀವ್ರತೆ ಅಳೆಯಲು ಏಳು ಪ್ರಶ್ನೆಗಳ ಒಂದು ಅಂಕಪಟ್ಟಿ ಇದೆ; ಸೊನ್ನೆಯಿಂದ 35ರವರೆಗೆ ಅಂಕ, 20 ಮತ್ತು ಮೇಲೆ ಬಂದರೆ ತೀವ್ರ. ಇವರಿಗೆ 21.

ಸಣ್ಣ ಗ್ರಂಥಿಯೂ ಮೂತ್ರನಾಳವನ್ನು ಬಿಗಿಯಾಗಿ ಅದುಮಬಹುದು, ಆದ್ದರಿಂದ ಗಾತ್ರವೊಂದನ್ನೇ ನೋಡಿ ಪ್ರಾಸ್ಟೇಟನ್ನು ಬಿಟ್ಟುಬಿಡುವುದೂ ಸರಿಯಲ್ಲ. ಆದರೆ ಆಪರೇಷನ್ ಮೇಜಿಗೆ ಹೋಗುವ ಮುಂಚೆ ಬೇರೆ ಕಡೆಯೂ ಕಣ್ಣು ಹಾಯಿಸಲು ಇಷ್ಟು ಕಾರಣ ಸಾಕು.

ಜೊತೆಗೆ ಬಂದವರು ಹೇಳಿದ್ದು

ಮೂತ್ರದ ತೊಂದರೆಯಿಂದ ದಿನಚರಿ ಎಷ್ಟು ಬದಲಾಗಿದೆ ಎಂದು ಕೇಳಿದಾಗ ಉತ್ತರ ಬಂದದ್ದು ಹೆಂಡತಿಯಿಂದ. "ಇವರು ನನ್ನ ಜೊತೆ ವಾಕಿಂಗ್ ಬರೋದೇ ಬಿಟ್ಟಿದ್ದಾರೆ ಡಾಕ್ಟ್ರೇ. ದಾರೀಲಿ ಒಂದಕ್ಕೆ ಅವಸರ ಆದ್ರೆ ಕಷ್ಟ ಅಂತಾರೆ. ಆದ್ರೆ ಅದಕ್ಕೂ ಮುಂಚೆನೇ, ಸ್ವಲ್ಪ ದೂರ ನಡೆದು ನಿಂತ್ಕೊಂಡು ಫೋನ್ ನೋಡೋರು."

ಅವರು ತಲೆ ತಗ್ಗಿಸಿದರು. "ಕಾಲು ಸೋತ ಹಾಗಾಗುತ್ತೆ. ವಯಸ್ಸಾಯ್ತಲ್ಲ."

ಈ ಪ್ರಕರಣ ತಿರುಗಿದ್ದು ಇಲ್ಲಿ, ಯಾವ ಯಂತ್ರವೂ ಇಲ್ಲದೆ. ಬಿಡಿಸಿ ಕೇಳಿದಾಗ ಗೊತ್ತಾಯಿತು: ಸುಮಾರು 200 ಮೀಟರ್ ನಡೆದರೆ ಎಡ ಪೃಷ್ಠ ಮತ್ತು ತೊಡೆ ಹಿಡಿದುಕೊಳ್ಳುತ್ತದೆ. ಎರಡು ಮೂರು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಏರುದಾರಿಯಾದರೆ ಇನ್ನೂ ಬೇಗ.

ಅಪಧಮನಿ ಕಿರಿದಾಗಿ ಸ್ನಾಯುವಿಗೆ ರಕ್ತ ಸಾಲದಿದ್ದಾಗ ನೋವು ಹೀಗೆ ಬಂದು ಹೋಗುತ್ತದೆ. ಆದರೆ ಈ ವಯಸ್ಸಿನಲ್ಲಿ ಕಾಲುನೋವು ಮತ್ತು ಮೂತ್ರದ ತೊಂದರೆ ಎರಡನ್ನೂ ಒಟ್ಟಿಗೆ ತರಬಲ್ಲ ಇನ್ನೊಂದು ಕಾಯಿಲೆ ಇದೆ. ಅದು ಬೆನ್ನುಮೂಳೆಯ ಕೆಳಭಾಗದಲ್ಲಿ ನರಗಳ ಹಾದಿ ಕಿರಿದಾಗುವುದು. ಈ ಎರಡು ಕಾಯಿಲೆಗಳನ್ನು ಬೇರ್ಪಡಿಸಲು ಒಂದು ಪ್ರಶ್ನೆ ಬಹಳ ಸಹಾಯಕ್ಕೆ ಬರುತ್ತದೆ: ನೋವು ಸುಮ್ಮನೆ ನಿಂತರೆ ಹೋಗುತ್ತದೆಯೋ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಹೋಗುತ್ತದೆಯೋ? ನರದ ನೋವಿಗೆ ಬೆನ್ನು ಬಾಗಬೇಕು. ರಕ್ತ ಸಾಲದ ಸ್ನಾಯುವಿಗೆ ವಿಶ್ರಾಂತಿ ಸಿಕ್ಕರೆ ಸಾಕು, ನಿಂತಲ್ಲೇ ನಿಂತರೂ ಅದು ಸುಧಾರಿಸಿಕೊಳ್ಳುತ್ತದೆ. ಇವರು ನಿಂತು ಫೋನ್ ನೋಡುತ್ತಿದ್ದರು. ಕಾಲಿನಲ್ಲಿ ಜೋಮು, ಬಲ ಕುಂದುವುದು, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು ಯಾವುದೂ ಇರಲಿಲ್ಲ. ಕೊನೆಯದು ಎಂದಾದರೂ ಕಂಡುಬಂದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹೆಂಡತಿ ಹೊರಗೆ ಹೋದ ಮೇಲೆ ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದರು. ಶಿಶ್ನದ ನಿಮಿರುವಿಕೆ ಹೇಗಿದೆ? ಐದು ವರ್ಷದಿಂದ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಂತೆ. ಯಾರಿಗೂ ಹೇಳಿರಲಿಲ್ಲ. ಯಾವ ವೈದ್ಯರೂ ಕೇಳಿರಲಿಲ್ಲ. ಈ ಪ್ರಶ್ನೆಯನ್ನು ಸಂಕೋಚದಿಂದ ಬಿಡುವುದು ರೋಗಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಶಿಶ್ನದ ಅಪಧಮನಿಯ ಒಳ ಅಗಲ 1–2 ಮಿ.ಮೀ., ಹೃದಯದ ಅಪಧಮನಿಯದ್ದು 3–4 ಮಿ.ಮೀ. ಇಡೀ ದೇಹದಲ್ಲಿ ಒಂದೇ ಸಮನೆ ಕೊಬ್ಬು ಕಟ್ಟುತ್ತಿದ್ದರೂ ಸಣ್ಣ ನಾಳ ಮೊದಲು ಸೋಲುತ್ತದೆ. ಹೃದಯದ ಲಕ್ಷಣ ಕಾಣಿಸುವುದಕ್ಕೆ ಎರಡರಿಂದ ಐದು ವರ್ಷ ಮುಂಚೆಯೇ ನಿಮಿರುವಿಕೆಯ ತೊಂದರೆ ತಲೆಹಾಕುವುದು ಸಾಮಾನ್ಯ. ಹೃದಯದ ಬಗ್ಗೆ ಎಚ್ಚರಗೊಳ್ಳಲು ಸಿಗುವ ಈ ಕಾಲಾವಕಾಶ ಎಷ್ಟೋ ಮನೆಗಳಲ್ಲಿ ಬರೀ ನಾಚಿಕೆಯಿಂದ ಕೈಬಿಟ್ಟುಹೋಗುತ್ತದೆ.

ಉಳಿದ ಹಿನ್ನೆಲೆ: ಮೂವತ್ತೈದು ವರ್ಷದ ಸಿಗರೇಟು, ಈಗ "ಕಡಿಮೆ ಮಾಡಿದ್ದೇನೆ". ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ 10 ಮಿ.ಗ್ರಾಂ. ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಎಲ್‌ಡಿಎಲ್ ಕೊಲೆಸ್ಟ್ರಾಲ್ 148.

ಬೆರಳಿಗೆ ಸಿಗದ ನಾಡಿ

ಕಾಲಿನ ನಾಡಿಯನ್ನು ನಾಲ್ಕು ಕಡೆ ನೋಡುತ್ತಾರೆ: ತೊಡೆಸಂದು, ಮೊಣಕಾಲಿನ ಹಿಂದೆ, ಪಾದದ ಮೇಲ್ಭಾಗ, ಪಾದದ ಗಂಟಿನ ಒಳಬದಿಯ ಉಬ್ಬಿನ ಹಿಂದೆ. ಬಲಗಾಲಿನಲ್ಲಿ ಎಲ್ಲವೂ ಇದ್ದವು, ಪಾದದಲ್ಲಿ ಮಾತ್ರ ಮೆಲ್ಲಗೆ. ಎಡಗಾಲಿನ ತೊಡೆಸಂದಿನಲ್ಲೇ ನಾಡಿ ಕ್ಷೀಣವಾಗಿತ್ತು, ಪಾದದಲ್ಲಿ ಬೆರಳಿಗೆ ಸಿಗಲೇ ಇಲ್ಲ. ತೊಡೆಸಂದಿನ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಸೊಂಯ್ ಎಂಬ ಸದ್ದು. ಕಿರಿದಾದ ಜಾಗದಲ್ಲಿ ರಕ್ತ ನುಸುಳುವ ಸದ್ದು ಅದು. ಆ ಪಾದ ಇನ್ನೊಂದಕ್ಕಿಂತ ತಣ್ಣಗಿತ್ತು. ಕಾಲಿನ ಕೂದಲು ಉದುರಿ ಚರ್ಮ ನುಣ್ಣಗಾಗಿತ್ತು.

ಆಮೇಲೆ ಎಬಿಐ ಪರೀಕ್ಷೆ. ಪಾದದ ಗಂಟಿನ ಬಳಿ ಅಳೆದ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುವ ಸರಳ ಲೆಕ್ಕ. ಬಿಪಿ ಪಟ್ಟಿ ಮತ್ತು ರಕ್ತದ ಹರಿವನ್ನು ಪತ್ತೆಮಾಡುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಇದ್ದರೆ ಕಾಲು ಗಂಟೆಯ ಕೆಲಸ. 1.0ರಿಂದ 1.4 ಸಹಜ; 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ಅಪಧಮನಿಯಲ್ಲಿ ಅಡ್ಡಿ ಇದೆ ಎಂದರ್ಥ. ಇವರದು ಬಲಗಡೆ 0.84, ಎಡಗಡೆ 0.62.

ಮೂತ್ರಪಿಂಡಗಳ ಪರೀಕ್ಷೆ ಸಹಜವಾಗಿದ್ದುದರಿಂದ ಸಿ.ಟಿ. ಆಂಜಿಯೋಗ್ರಾಂ ಮಾಡಲಾಯಿತು. ಹೊಕ್ಕುಳಿನ ಮಟ್ಟದಲ್ಲಿ ಮಹಾಪಧಮನಿ ಎರಡು ಕವಲಾಗುತ್ತದೆ. ಆ ಎಡ ಕವಲು ಬಹಳಷ್ಟು ಮುಚ್ಚಿಕೊಂಡಿತ್ತು. ಪ್ರತಿ ಕವಲೂ ಸ್ವಲ್ಪ ಕೆಳಗೆ ಮತ್ತೆ ಇಬ್ಭಾಗವಾಗುತ್ತದೆ. ಹೊರಗಿನ ಕೊಂಬೆ ಕಾಲಿಗೆ, ಒಳಗಿನ ಕೊಂಬೆ ಕಿಬ್ಬೊಟ್ಟೆಯ ಆಳಕ್ಕೆ. ಆ ಒಳಗಿನ ಕೊಂಬೆ ಎಡಗಡೆ ಬಾಯಲ್ಲೇ ಕಟ್ಟಿಕೊಂಡಿತ್ತು, ಬಲಗಡೆಯೂ ಅರ್ಧಕ್ಕಿಂತ ಹೆಚ್ಚು ಕಿರಿದಾಗಿತ್ತು.

ಮೂತ್ರಕೋಶಕ್ಕೆ, ಪ್ರಾಸ್ಟೇಟ್‌ಗೆ, ಶಿಶ್ನಕ್ಕೆ, ಪೃಷ್ಠದ ಸ್ನಾಯುಗಳಿಗೆ ರಕ್ತ ಹೋಗುವುದು ಈ ಒಳಕೊಂಬೆಯಿಂದಲೇ. ಬೇರೆ ಬೇರೆ ವೈದ್ಯರ ಮುಂದೆ ಬೇರೆ ಬೇರೆ ದೂರುಗಳಾಗಿ ಹೋಗಬಹುದಾಗಿದ್ದ ಮೂರು ತೊಂದರೆಗಳು, ಅಂದರೆ ಪೃಷ್ಠದ ಹಿಡಿತ, ನಿಮಿರದ ಶಿಶ್ನ, ಕೆರಳಿದ ಮೂತ್ರಕೋಶ, ಒಂದೇ ಕಾಲುವೆಯ ಕೊನೆಯ ಹೊಲಗಳು. ಮೇಲೆ ಕಟ್ಟಿದರೆ ಕೆಳಗೆ ಎಲ್ಲಕ್ಕೂ ನೀರು ಕಡಿಮೆಯೇ.

ಫ್ರೆಂಚ್ ಶಸ್ತ್ರಚಿಕಿತ್ಸಕ ರೆನೆ ಲೆರಿಶ್ 1940ರಲ್ಲಿ ಮಹಾಪಧಮನಿಯ ಕವಲು ಮುಚ್ಚಿಹೋದ ರೋಗಿಗಳನ್ನು ವಿವರಿಸಿದ್ದರು. ನಡೆದರೆ ಕಾಲು ಸೋಲುವುದು, ತೊಡೆಸಂದಿನ ನಾಡಿ ಇಲ್ಲದಿರುವುದು, ನಿಮಿರುವಿಕೆ ಹೋಗುವುದು, ಈ ಮೂರೂ ಕೂಡಿದ ಸ್ಥಿತಿಗೆ ಇಂದಿಗೂ ಅವರದೇ ಹೆಸರು. ಆ ಮೂರರ ಸಾಲಿನಲ್ಲಿ ಮೂತ್ರಕೋಶ ಇಲ್ಲ. ಅಲ್ಲಿಂದ ಬಂದ ಅಭ್ಯಾಸವೋ ಏನೋ, ರಕ್ತನಾಳದ ವೈದ್ಯರು ಮೂತ್ರದ ಬಗ್ಗೆ ಕೇಳುವುದು ಅಪರೂಪ, ಮೂತ್ರರೋಗ ತಜ್ಞರು ಪಾದ ಮುಟ್ಟಿ ನೋಡುವುದೂ ಅಪರೂಪ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಬಿಐ ಅಳೆಯುವುದು ಹೊರಕೊಂಬೆಯ ದಾರಿಯನ್ನು. ಒಳಕೊಂಬೆ ಒಂದೇ ಕಿರಿದಾಗಿದ್ದರೆ ಪಾದದ ನಾಡಿ ಚೆನ್ನಾಗಿಯೇ ಇರುತ್ತದೆ, ಎಬಿಐ ಸಹಜವಾಗಿ ಬರುತ್ತದೆ. ಇವರಿಗೆ ಮೇಲಿನ ಕವಲೂ ಕೆಟ್ಟಿದ್ದರಿಂದ ಪಾದದಲ್ಲಿ ಸುಳಿವು ಸಿಕ್ಕಿತು.

ರಕ್ತ ಸಾಲದ ಮೂತ್ರಕೋಶ ಏನು ಮಾಡುತ್ತದೆ

ಮೂತ್ರಕೋಶ ಬರೀ ಚೀಲವಲ್ಲ, ಸ್ನಾಯುವಿನ ಚೀಲ. ತುಂಬುತ್ತಾ ಹೋದಂತೆ ಗೋಡೆ ಹಿಗ್ಗಿ ತೆಳುವಾಗುತ್ತದೆ, ಗೋಡೆಯೊಳಗಿನ ಸಣ್ಣ ರಕ್ತನಾಳಗಳು ಎಳೆದುಕೊಂಡು ಅದುಮಿಕೊಳ್ಳುತ್ತವೆ. ಒಂದು ಹಂತ ದಾಟಿದರೆ ಗೋಡೆಗೆ ಹೋಗುವ ರಕ್ತ ಇಳಿಯುತ್ತದೆ. ಖಾಲಿಯಾದ ಕೂಡಲೇ ರಕ್ತ ಮತ್ತೆ ನುಗ್ಗುತ್ತದೆ. ಆರೋಗ್ಯವಂತರಲ್ಲಿ ಈ ಏರಿಳಿತವನ್ನು ತಡೆಯುವ ಶಕ್ತಿ ಇರುತ್ತದೆ. ಮೂಲದಲ್ಲೇ ರಕ್ತ ಕಡಿಮೆ ಇದ್ದವರಲ್ಲಿ ಪ್ರತಿ ತುಂಬುವಿಕೆಯೂ ಒಂದು ಸಣ್ಣ ಬರ, ಪ್ರತಿ ಖಾಲಿಯೂ ಆಮ್ಲಜನಕದ ಒಂದು ಆಘಾತ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಇದು ನಡೆದಾಗ ಗೋಡೆಯಲ್ಲಿರುವ ನರದ ತುದಿಗಳು ಮೊದಲು ಹಾಳಾಗುತ್ತವೆ. ನರ ಕಳೆದುಕೊಂಡ ಸ್ನಾಯು ಅತಿಸೂಕ್ಷ್ಮವಾಗಿ, ತುಂಬುವ ಮೊದಲೇ ತಾನಾಗಿ ಹಿಂಡತೊಡಗುತ್ತದೆ. ಅವಸರ ಹುಟ್ಟುವುದು ಹೀಗೆ. ಬರ ಇನ್ನೂ ಗಾಢವಾದರೆ ಸ್ನಾಯುವಿನ ಜಾಗದಲ್ಲಿ ನಾರು ಬೆಳೆಯುತ್ತದೆ, ಹಿಂಡುವ ಬಲವೇ ಹೋಗುತ್ತದೆ. ಧಾರೆ ಸಣ್ಣಗಾಗುವುದು ಹೀಗೂ ಆಗುತ್ತದೆ, ಪ್ರಾಸ್ಟೇಟ್ ಅಡ್ಡ ಬರದೆಯೇ.

1990ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್‌ನ ಸಂಶೋಧಕರು ಮೊಲಗಳ ಇದೇ ಅಪಧಮನಿಗಳ ಒಳಪದರಕ್ಕೆ ಬಲೂನಿನಿಂದ ಗಾಯ ಮಾಡಿ, ಕೊಲೆಸ್ಟ್ರಾಲ್ ಹೆಚ್ಚಿದ್ದ ಆಹಾರ ಕೊಟ್ಟು, ನಾಳಗಳು ಕಿರಿದಾಗುವಂತೆ ಮಾಡಿದರು. ರಕ್ತ ಮಧ್ಯಮ ಪ್ರಮಾಣದಲ್ಲಿ ಕಡಿಮೆಯಾದ ಮೊಲಗಳಲ್ಲಿ ಮೂತ್ರಕೋಶ ಅತಿಯಾಗಿ ಕೆರಳಿತು. ತೀವ್ರವಾಗಿ ಕಡಿಮೆಯಾದವುಗಳಲ್ಲಿ ಹಿಂಡುವ ಬಲ ಕುಂದಿ ಗೋಡೆ ನಾರುಗಟ್ಟಿತು. ಪ್ರಾಸ್ಟೇಟ್‌ಗೂ ಇದಕ್ಕೂ ಸಂಬಂಧವಿರಲಿಲ್ಲ. ಆ ಎರಡು ಹಂತಗಳ ಲಕ್ಷಣವೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರಬಹುದೆಂಬುದು ವೃದ್ಧರ ಚಿಕಿತ್ಸೆ ಮಾಡುವವರಿಗೆ 1987ರಿಂದಲೇ ಗೊತ್ತು: ತುಂಬುವಾಗ ಕೆರಳುವ, ಖಾಲಿ ಮಾಡುವಾಗ ಸೋಲುವ ಮೂತ್ರಕೋಶ.

ಹರಿವಿನ ಪರೀಕ್ಷೆಯಲ್ಲಿ ಇವರ ಗರಿಷ್ಠ ವೇಗ ಸೆಕೆಂಡಿಗೆ 9 ಮಿ.ಲೀ. ಬಂತು. 15ಕ್ಕಿಂತ ಮೇಲಿದ್ದರೆ ಸಹಜ. ಮೂತ್ರ ಮಾಡಿದ ಮೇಲೆ ಒಳಗೆ 90 ಮಿ.ಲೀ. ಉಳಿದಿತ್ತು. ಈ ಎರಡು ಅಂಕಿ ನೋಡಿದರೆ ಯಾರಾದರೂ "ಅಡ್ಡಿ ಇದೆ, ಕೊರೆದು ತೆಗೆಯಿರಿ" ಎಂದಾರು. ಆದರೆ ಹರಿವಿನ ಪರೀಕ್ಷೆಗೆ ಅಡ್ಡಿ ಯಾವುದು, ನಿತ್ರಾಣ ಯಾವುದು ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಒತ್ತಡವನ್ನೂ ಹರಿವನ್ನೂ ಒಟ್ಟಿಗೆ ಅಳೆಯುವ ಯೂರೋಡೈನಾಮಿಕ್ ಪರೀಕ್ಷೆ ಬೇಕು. ಸಣ್ಣ ನಳಿಕೆ ಹಾಕಿಸಿಕೊಳ್ಳಬೇಕಾದ, ಮುಜುಗರದ ಪರೀಕ್ಷೆ. ಬಹಳ ಜನ ಬೇಡವೆನ್ನುತ್ತಾರೆ. ಇವರು ಒಪ್ಪಿದರು. ಮೂತ್ರಕೋಶ 160 ಮಿ.ಲೀ. ತುಂಬುವಾಗಲೇ ತಾನಾಗಿ ಹಿಂಡಿತು. ಮೂತ್ರ ಮಾಡುವಾಗ ಒತ್ತಡ ಏರಲೇ ಇಲ್ಲ. ಒತ್ತಡ ಹೆಚ್ಚಿದ್ದು ಹರಿವು ಕಡಿಮೆ ಇದ್ದರೆ ಪ್ರಾಸ್ಟೇಟ್ ಅಡ್ಡಿ. ಎರಡೂ ಕಡಿಮೆ ಇದ್ದರೆ ಸ್ನಾಯುವಿನ ಸೋಲು. ಇವರದು ಎರಡನೆಯದು. ಪ್ರಾಸ್ಟೇಟ್ ಆಪರೇಷನ್ ಮಾಡಿದ್ದರೆ ರಕ್ತಸ್ರಾವದ ಅಪಾಯ, ಆಪರೇಷನ್‌ನ ನೋವು ಎಲ್ಲ ಬರುತ್ತಿತ್ತು; ರಾತ್ರಿ ಏಳುವುದು ಬಹುಶಃ ಹಾಗೆಯೇ ಉಳಿಯುತ್ತಿತ್ತು.

ಮೂರು ದಿನದ ಲೆಕ್ಕಪುಸ್ತಕ

ಈ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಅಳತೆಯ ಲೋಟ ಮತ್ತು ಒಂದು ಹಾಳೆ. ಮೂರು ದಿನ, ಪ್ರತಿ ಸಲ ಮೂತ್ರ ಮಾಡಿದ ಸಮಯ ಮತ್ತು ಪ್ರಮಾಣ ಬರೆಯಬೇಕು. ಕುಡಿದ ದ್ರವವನ್ನೂ ಬರೆಯಬೇಕು. ಖರ್ಚಿಲ್ಲದ ಈ ಲೆಕ್ಕವನ್ನು ಮೂರು ವರ್ಷದಲ್ಲಿ ಯಾರೂ ಇವರಿಂದ ಬರೆಸಿರಲಿಲ್ಲ.

ದಿನದ ಒಟ್ಟು ಮೂತ್ರ ಸರಾಸರಿ 2,050 ಮಿ.ಲೀ. ಅದರಲ್ಲಿ ಮಲಗಿದ ಮೇಲಿನದು, ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದೂ ಸೇರಿ, 880. ಅಂದರೆ ಶೇ. 43. ವಯಸ್ಸಾದವರಲ್ಲಿ ರಾತ್ರಿಯ ಪಾಲು ಶೇ. 33 ದಾಟಿದರೆ ಮೂತ್ರಪಿಂಡ ರಾತ್ರಿ ಹೊತ್ತು ಅತಿಯಾಗಿ ಮೂತ್ರ ತಯಾರಿಸುತ್ತಿದೆ ಎಂದರ್ಥ. ಮೂತ್ರಕೋಶ ಎಷ್ಟೇ ಗಟ್ಟಿಯಾಗಿದ್ದರೂ ಅಷ್ಟು ಮೂತ್ರ ಇಳಿದು ಬಂದರೆ ಏಳಲೇಬೇಕು. ಇವರ ಮೂತ್ರಕೋಶ ರಾತ್ರಿ ಪ್ರತಿ ಸಲ 170–180 ಮಿ.ಲೀ. ಹಿಡಿದಿಟ್ಟುಕೊಳ್ಳುತ್ತಿತ್ತು, ಅದು ಅಷ್ಟೇನೂ ಕೆಟ್ಟ ಕೆಲಸವಲ್ಲ.

ಹಾಗಾದರೆ ರಾತ್ರಿ ಮೂತ್ರ ಎಲ್ಲಿಂದ? ಸಂಜೆಯ ಹೊತ್ತಿಗೆ ಇವರ ಪಾದಗಳು ಊದಿಕೊಳ್ಳುತ್ತಿದ್ದವು. ಕಾಲುಚೀಲ ಕಳಚಿದರೆ ಗೆರೆ ಬಿದ್ದಿರುತ್ತಿತ್ತು. ಆಮ್ಲೋಡಿಪಿನ್‌ನ ಗೊತ್ತಿರುವ ಅಡ್ಡಪರಿಣಾಮ ಅದು. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಅಂದರೆ ರಕ್ತದೊತ್ತಡಕ್ಕೆ ಕೊಟ್ಟ ಮಾತ್ರೆಯೂ ಮೂತ್ರದ ತೊಂದರೆಯಲ್ಲಿ ಪಾಲುದಾರ. ಗೊರಕೆ, ನಿದ್ರೆಯಲ್ಲಿ ಉಸಿರು ನಿಲ್ಲುವುದು ಕೂಡ ರಾತ್ರಿ ಮೂತ್ರ ಹೆಚ್ಚಿಸುತ್ತದೆ. ಆ ಪರೀಕ್ಷೆ ಇವರಿಗೆ ಸಹಜವಾಗಿ ಬಂತು. ಹೃದಯ ವೈಫಲ್ಯದ ಲಕ್ಷಣವೂ ಇರಲಿಲ್ಲ.

ಈ ಲೆಕ್ಕ ಸಿಗದೆ ಹೋಗಿದ್ದರೆ ಎಲ್ಲವನ್ನೂ ಕಟ್ಟಿಕೊಂಡ ಅಪಧಮನಿಯ ತಲೆಗೆ ಕಟ್ಟುವ ಅಪಾಯವಿತ್ತು. ಒಂದು ಆಕರ್ಷಕ ವಿವರಣೆ ಸಿಕ್ಕಿತೆಂದು ಉಳಿದ ಕಾರಣಗಳನ್ನು ಹುಡುಕದೆ ಬಿಡುವುದು, ಎಲ್ಲಕ್ಕೂ ಪ್ರಾಸ್ಟೇಟ್ ಎನ್ನುವಷ್ಟೇ ತಪ್ಪು.

ಚಿಕಿತ್ಸೆ: ಔಷಧಗಳ ಒಳಜಗಳ

ಆಪರೇಷನ್ ಕೈಬಿಡಲಾಯಿತು. ಡುಟಾಸ್ಟರೈಡ್ ನಿಂತಿತು, ಟ್ಯಾಮ್ಸುಲೋಸಿನ್ ಉಳಿಯಿತು. ಆಮ್ಲೋಡಿಪಿನ್ ಬದಲು ಟೆಲ್ಮಿಸಾರ್ಟಾನ್ ಬಂತು. ಕೊಬ್ಬುಗಟ್ಟಿದ ಅಪಧಮನಿಗಳಿರುವವರಲ್ಲಿ ಮೂತ್ರಪಿಂಡದ ಅಪಧಮನಿಯೂ ಕಿರಿದಾಗಿರಬಹುದು. ಎರಡೂ ಕಡೆ ಕಿರಿದಾಗಿದ್ದರೆ ಈ ಜಾತಿಯ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆಂಜಿಯೋಗ್ರಾಂನಲ್ಲಿ ಅವು ತೆರೆದಿದ್ದುದನ್ನು ಖಚಿತಪಡಿಸಿಕೊಂಡು ಶುರು ಮಾಡಿ, ಎರಡು ವಾರದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಲಾಯಿತು. ಮಧ್ಯಾಹ್ನದ ಮೇಲೆ ಒಂದು ಗಂಟೆ ಕಾಲೆತ್ತಿ ಮಲಗುವುದು, ಸಂಜೆಯ ನಂತರ ಕುಡಿಯುವುದನ್ನು ತಗ್ಗಿಸುವುದು ಸೇರಿತು.

ರಕ್ತನಾಳಕ್ಕೆಂದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಕ್ಲೋಪಿಡೋಗ್ರೆಲ್ 75 ಮಿ.ಗ್ರಾಂ., ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ. ಇಂಥ ರೋಗಿಗಳಲ್ಲಿ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು ಎನ್ನುತ್ತದೆ ಯುರೋಪಿನ 2019ರ ಮಾರ್ಗಸೂಚಿ. ಇವರದು 62ಕ್ಕೆ ಇಳಿದು ನಿಂತಿತು, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಸೇರಿಸಬೇಕಾಯಿತು. ಸಿಗರೇಟು ಬಿಡಿಸಲು ಆಪ್ತಸಮಾಲೋಚನೆ ಮತ್ತು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ. ಇವೆಲ್ಲಕ್ಕಿಂತ ಅವರಿಗೆ ವಿಚಿತ್ರವೆನಿಸಿದ್ದು ನಡಿಗೆಯ ಸೂಚನೆ: ನೋವು ಬರುವವರೆಗೆ ನಡೆಯಿರಿ, ಇನ್ನೂ ಸ್ವಲ್ಪ ನಡೆಯಿರಿ, ಸಾಕಾದಾಗ ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ. ವಾರಕ್ಕೆ ಮೂರು ಸಲವಾದರೂ, ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ಕನಿಷ್ಠ ಹನ್ನೆರಡು ವಾರ. ಕಾಲಿನ ಅಪಧಮನಿ ಕಾಯಿಲೆಯಲ್ಲಿ ಇದು ಸಾಬೀತಾದ ಚಿಕಿತ್ಸೆ.

ಅವಸರಕ್ಕೆ ಸಾಮಾನ್ಯವಾಗಿ ಕೊಡುವ ಆಂಟಿಕೋಲಿನರ್ಜಿಕ್ ಮಾತ್ರೆಯನ್ನು ಬೇಕೆಂದೇ ಕೊಡಲಿಲ್ಲ. ಹಿಂಡುವ ಬಲವೇ ಕುಂದಿದ ಮೂತ್ರಕೋಶವನ್ನು ಅದು ಇನ್ನಷ್ಟು ಸಡಿಲಗೊಳಿಸುತ್ತದೆ, ಒಳಗೆ ಉಳಿಯುವ ಮೂತ್ರ ಹೆಚ್ಚುತ್ತದೆ. ಅವಸರಕ್ಕೇ ಕೊಡುವ ಇನ್ನೊಂದು ಮಾತ್ರೆ ಮಿರಾಬೆಗ್ರಾನ್‌ಗೆ ಆ ದೋಷ ಕಡಿಮೆ, ಆದರೆ ರಕ್ತದೊತ್ತಡ ಏರಿಸಬಲ್ಲದು. ಒತ್ತಡ ಹತೋಟಿಗೆ ಬರುವವರೆಗೆ ಪಕ್ಕಕ್ಕಿಟ್ಟರು. ಬಿಪಿಗೂ ಪ್ರಾಸ್ಟೇಟ್‌ಗೂ ಡಾಕ್ಸಜೋಸಿನ್ ಒಂದೇ ಸಾಕಲ್ಲವೇ ಎಂಬ ಯೋಚನೆ ಹಿಂದೆ ಬಹಳ ಇತ್ತು. ಅಮೆರಿಕದ ಆಲ್‌ಹ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಡಾಕ್ಸಜೋಸಿನ್ ಪಡೆದ ಗುಂಪಿನವರಿಗೆ ಹೃದಯ ವೈಫಲ್ಯ ಹೆಚ್ಚು ಕಂಡಿದ್ದರಿಂದ 2000ದಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಬಿಪಿಗೆ ಬಿಪಿಯದೇ ಔಷಧ ಬೇಕು.

ಇನ್ನು ಟಡಾಲಾಫಿಲ್. ನಿಮಿರುವಿಕೆಗೆಂದು ಬಂದ ಈ ಔಷಧವನ್ನು ದಿನಕ್ಕೆ 5 ಮಿ.ಗ್ರಾಂ. ಪ್ರಮಾಣದಲ್ಲಿ ಪ್ರಾಸ್ಟೇಟ್ ಲಕ್ಷಣಗಳಿಗೂ ಬಳಸಲು ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಧಾರೆಯ ವೇಗವನ್ನು ಅದು ಹೆಚ್ಚೇನೂ ಬದಲಿಸುವುದಿಲ್ಲ, ಲಕ್ಷಣಗಳನ್ನು ಮಾತ್ರ ತಗ್ಗಿಸುತ್ತದೆ. ರಕ್ತನಾಳಗಳನ್ನು ಸಡಿಲಿಸುವುದೂ ಇದಕ್ಕೆ ಒಂದು ಕಾರಣವಿರಬಹುದು. ಇವರಿಗೆ ಒಪ್ಪುವ ಔಷಧ ಹೌದು, ಆದರೆ ಮೊದಲು ಹೃದಯ ನೋಡಬೇಕು. ಟ್ರೆಡ್‌ಮಿಲ್ ಪರೀಕ್ಷೆಗೆ ಕಾಲು ಸಹಕರಿಸುವುದಿಲ್ಲ. ಔಷಧ ಕೊಟ್ಟು ಹೃದಯದ ಬಡಿತ ಏರಿಸಿ ಎಕೋ ಮಾಡಿದರು. ರಕ್ತ ಸಾಲದ ಭಾಗ ಯಾವುದೂ ಕಾಣಲಿಲ್ಲ, ಹೃದಯದ ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆಯ ಅಗತ್ಯವೂ ಇರಲಿಲ್ಲ. ಆಗ ಮಾತ್ರ ಟಡಾಲಾಫಿಲ್ ಶುರುವಾಯಿತು, ಅದೂ ಮಲಗಿ ಮತ್ತು ನಿಂತು ಬಿಪಿ ನೋಡುತ್ತಾ, ಏಕೆಂದರೆ ಟ್ಯಾಮ್ಸುಲೋಸಿನ್ ಜೊತೆ ಸೇರಿದರೆ ಎದ್ದು ನಿಂತಾಗ ತಲೆ ತಿರುಗಬಹುದು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಒಂದು ಮಾತನ್ನು ಒತ್ತಿ ಹೇಳಲಾಯಿತು. ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಟಡಾಲಾಫಿಲ್ ತೆಗೆದುಕೊಳ್ಳುತ್ತಿರುವುದನ್ನು ಮೊದಲೇ ತಿಳಿಸಬೇಕು. ಅದು ದೇಹದಲ್ಲಿರುವಾಗ, ಕೊನೆಯ ಮಾತ್ರೆಯಿಂದ 48 ಗಂಟೆಯವರೆಗಾದರೂ, ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಕೊಟ್ಟರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಆ ಹೊತ್ತಿನಲ್ಲಿ ಬಾಯಿ ಬಿಟ್ಟು ಹೇಳಬೇಕಾದವರು ಬಹುಶಃ ಹೆಂಡತಿ. ಆದ್ದರಿಂದ ಅವರಿಗೆ ಗೊತ್ತಿರಲೇಬೇಕು.

ಏನಾಯಿತು

ಮೂರು ತಿಂಗಳಿಗೆ ರಾತ್ರಿಯ ಪಾಲು ಶೇ. 31ಕ್ಕೆ ಬಂತು. ನಾಲ್ಕು ಸಲ ಏಳುತ್ತಿದ್ದವರು ಎರಡು, ಕೆಲವೊಮ್ಮೆ ಮೂರು ಸಲಕ್ಕೆ ಇಳಿದರು. ಸಿಗರೇಟು ನಿಂತಿತು, ನಡುವೆ ಒಮ್ಮೆ ಮರಳಿ ಬಂದು ಮತ್ತೆ ನಿಂತಿತು. ನಡಿಗೆ 450 ಮೀಟರಿಗೆ ಏರಿತು. ಅದಕ್ಕಿಂತ ಮುಂದೆ ಹೋಗದಿದ್ದಾಗ, ಐದನೆಯ ತಿಂಗಳಲ್ಲಿ ಎಡ ಕವಲಿಗೆ ಸ್ಟೆಂಟ್ ಹಾಕಿದರು. ಸ್ಟೆಂಟ್‌ನ ತುದಿ ಒಳಕೊಂಬೆಯ ಬಾಯನ್ನು ಮುಚ್ಚದಂತೆ ಅಳತೆ ನೋಡಿ ಇಡಬೇಕಾಯಿತು. ಕಾಲಿಗೆ ರಕ್ತ ಕೊಡುವ ಭರದಲ್ಲಿ ಮೂತ್ರಕೋಶದ ದಾರಿ ಇನ್ನಷ್ಟು ಕಟ್ಟಬಾರದಲ್ಲ. ಎಡಗಾಲಿನ ಎಬಿಐ 0.91ಕ್ಕೆ ಬಂತು.

ವರ್ಷದ ಕೊನೆಗೆ ಏಳು ಪ್ರಶ್ನೆಗಳ ಪಟ್ಟಿಯ ಅಂಕ 21ರಿಂದ 12ಕ್ಕೆ ಇಳಿದಿತ್ತು. ಅವಸರ ಬಹಳ ಕಡಿಮೆಯಾಗಿತ್ತು. ಧಾರೆಯ ವೇಗ 9ರಿಂದ 11, ಒಳಗೆ ಉಳಿಯುವುದು 90ರಿಂದ 70. ಇವು ಹೆಚ್ಚುಕಡಿಮೆ ಇದ್ದಲ್ಲೇ ಇವೆ ಎನ್ನಬೇಕು. ನಾರುಗಟ್ಟಿದ ಗೋಡೆ ಮತ್ತೆ ಸ್ನಾಯುವಾಗುವುದಿಲ್ಲ. ಕೆರಳಿಕೆ ಇಳಿಯಿತು, ನಿತ್ರಾಣ ಉಳಿಯಿತು.

ಇದರಲ್ಲಿ ಯಾವುದರಿಂದ ಎಷ್ಟು ಫಲ? ಬಿಡಿಸಿ ಹೇಳಲು ಬರುವುದಿಲ್ಲ. ಬಿಪಿ ಮಾತ್ರೆ ಬದಲಾಯಿತು, ಟಡಾಲಾಫಿಲ್ ಬಂತು, ಸಿಗರೇಟು ಹೋಯಿತು, ನಡಿಗೆ ಬಂತು, ಸ್ಟೆಂಟ್ ಬಂತು, ಎಲ್ಲ ಒಂದೇ ವರ್ಷದಲ್ಲಿ. ರಾತ್ರಿಯ ಸುಧಾರಣೆಯ ದೊಡ್ಡ ಪಾಲು ಆಮ್ಲೋಡಿಪಿನ್ ಬಿಟ್ಟದ್ದರಿಂದ ಎಂದು ನನಗನ್ನಿಸುತ್ತದೆ. ಅದು ಸ್ಟೆಂಟ್‌ಗೆ ಮುಂಚೆಯೇ ಕಂಡಿತ್ತು. ಮೂತ್ರದ ತೊಂದರೆ ಹೋಗಲೆಂದು ಸ್ಟೆಂಟ್ ಹಾಕಿಸಿಕೊಳ್ಳುವುದು ಒಪ್ಪಿತ ಚಿಕಿತ್ಸೆಯಲ್ಲ. ಇವರಿಗೆ ಹಾಕಿದ್ದು ಕಾಲಿಗಾಗಿ.

ಒಟ್ಟಾರೆ ಸಂಬಂಧದ ಬಗ್ಗೆಯೂ ಇದೇ ಎಚ್ಚರ ಬೇಕು. ವಿಯೆನ್ನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಧೂಮಪಾನಗಳ ಪೈಕಿ ಎರಡು ಅಥವಾ ಹೆಚ್ಚು ಇದ್ದವರ ಮೂತ್ರದ ಅಂಕ ಹೆಚ್ಚಾಗಿತ್ತು. ಮೂತ್ರದ ಲಕ್ಷಣವಿರುವ ವೃದ್ಧರ ಮೂತ್ರಕೋಶದ ಕೊರಳಿಗೆ ರಕ್ತ ಕಡಿಮೆ ಹರಿಯುವುದು ಡಾಪ್ಲರ್‌ನಲ್ಲಿ ಕಂಡಿದೆ. ಆದರೆ ವಯಸ್ಸು ಎರಡನ್ನೂ ಒಟ್ಟಿಗೆ ತರುತ್ತದೆ. ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಸ್ಟಾಟಿನ್ ಕೊಟ್ಟರೆ ಮೂತ್ರದ ತೊಂದರೆ ತಗ್ಗುತ್ತದೆಯೇ ಎಂದು ನೋಡಿದ ಅಧ್ಯಯನಗಳ ಉತ್ತರ ಒಂದೇ ರೀತಿ ಇಲ್ಲ. ರಾತ್ರಿ ಎರಡು ಸಲ ಏಳುವ ಪ್ರತಿಯೊಬ್ಬರಿಗೂ ಆಂಜಿಯೋಗ್ರಾಂ ಬೇಕಿಲ್ಲ. ಬೇಕಾದದ್ದು ಐದು ನಿಮಿಷದ ವಿಚಾರಣೆ: ನಡೆದರೆ ಕಾಲು ಅಥವಾ ಪೃಷ್ಠ ಹಿಡಿಯುತ್ತದೆಯೇ, ನಿಮಿರುವಿಕೆ ಹೇಗಿದೆ, ಸಿಗರೇಟು ಉಂಟೇ, ಸಂಜೆ ಪಾದ ಊದುತ್ತದೆಯೇ, ಪಾದದ ನಾಡಿ ಸಿಗುತ್ತದೆಯೇ. ಔಷಧಕ್ಕೆ ಬಗ್ಗದ, ಗಾತ್ರ ಸಣ್ಣದಿರುವ ಪ್ರಾಸ್ಟೇಟ್ ಆದರಂತೂ ಇವನ್ನು ಕೇಳದೆ ಆಪರೇಷನ್‌ಗೆ ದಿನ ಗೊತ್ತುಮಾಡಬಾರದು.

ಇವರು ಈಗಲೂ ರಾತ್ರಿ ಎರಡು ಸಲ ಏಳುತ್ತಾರೆ. ಆರು ತಿಂಗಳಿಗೊಮ್ಮೆ ಒಳಗೆ ಉಳಿಯುವ ಮೂತ್ರವನ್ನು ಅಳೆಯುತ್ತಾರೆ. ಅದು 200 ಮಿ.ಲೀ. ಕಡೆಗೆ ಏರಿದರೆ ಅಥವಾ ಸೋಂಕು ಮರುಕಳಿಸಿದರೆ, ನಳಿಕೆಯಿಂದ ತಾವೇ ಮೂತ್ರ ತೆಗೆದುಕೊಳ್ಳುವುದನ್ನು ಕಲಿಸುವ ಯೋಜನೆ ಇದೆ. ಬಲಗಡೆಯ ಒಳಕೊಂಬೆ ಇನ್ನೂ ಕಿರಿದಾಗಿಯೇ ಇದೆ, ಅದರ ಮೇಲೆ ಕಣ್ಣಿಡಲಾಗಿದೆ. ಎಜೆಟಿಮೈಬ್ ಸೇರಿದ ಮೇಲೆ ಎಲ್‌ಡಿಎಲ್ 51ರಲ್ಲಿದೆ.